ಸೆಕೆಂಡಿನ ಐವತ್ತನೇ ಪಾಲು

‘ಎಚ್‌ಡಿ ಮಾಡಿ ಕೊಡ್ರಿ’ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೂವತ್ತು ವರ್ಷ ಬೀರುವಿನ ಮೇಲೆ ಬಿದ್ದು, ಒಳಗೆ ಬಿಳೀ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ಕೌಂಟರ್ ಮೇಲೆ ಕುಕ್ಕುತ್ತಾರೆ, ಎಚ್‌ಡಿ ಮಾಡಿ ಕೊಡ್ರಿ ಅನ್ನುತ್ತಾರೆ. ಇಷ್ಟು ವರ್ಷ ಅದರ ಕಡೆ ತಿರುಗಿಯೂ ನೋಡದವರಿಗೆ ಈಗ ಅತ್ತೆಯ ಮೂಗುತಿಯ ಹರಳು ಎಣಿಸುವ ಹಾಗೆ ಕಾಣಬೇಕು. ಕ್ಯಾಸೆಟ್ಟಿನಲ್ಲಿ ಇರುವುದನ್ನು ಕಳೆಯದೆ ಫೈಲ್ ಮಾಡಿ ಕೊಡಬಹುದು, ಇಲ್ಲದ್ದನ್ನು ಎಲ್ಲಿಂದ ತರಲಿ ಅಂತ ಕೇಳಿದರೆ ಮುಖ ಸಿಂಡರಿಸುತ್ತಾರೆ. ಪಕ್ಕದ ರಸ್ತೆಯವನು ಮಾಡಿಕೊಡುತ್ತಾನಂತೆ.

ಮಾಡಿಕೊಡುತ್ತಾನೆ, ಯಾಕೆ ಮಾಡಿಕೊಡುವುದಿಲ್ಲ? ಆಗಿನ ಟಿವಿ ಚೌಕ, ಈಗಿನದು ಅಗಲ. ಆ ಪುಣ್ಯಾತ್ಮ ಚಿತ್ರದ ಎರಡೂ ಕಿವಿ ಹಿಡಿದು ಎಳೆದು ಪರದೆ ತುಂಬಿಸುತ್ತಾನೆ. ಕಡ್ಡಿಯಂಥ ಮದುಮಗ ಅಕ್ಕಿ ಮೂಟೆಯಾಗುತ್ತಾನೆ, ಮದುಮಗಳಿಗೆ ಕುತ್ತಿಗೆಯೇ ಇರುವುದಿಲ್ಲ. ಮನೆಯವರಿಗೆ ಭಾರೀ ಸಂತೋಷ, ಫುಲ್ ಸ್ಕ್ರೀನ್ ಬಂತಲ್ಲ! ಅದರ ಮೇಲೆ ಒಂದಿಷ್ಟು ಬಣ್ಣ ಸುರಿದು, ಮುಖಗಳನ್ನು ನುಣ್ಣಗೆ ಒರೆಸಿ, ಫೈಲಿನ ಹೆಸರಿನ ಕೊನೆಗೆ ಎಚ್‌ಡಿ ಅಂತ ಸೇರಿಸಿದರೆ ಅವನ ಕೆಲಸ ಮುಗಿಯಿತು. ಎಂಬತ್ತು ವರ್ಷದ ಅಜ್ಜಿಯ ಮುಖದಲ್ಲಿ ಒಂದೇ ಒಂದು ಸುಕ್ಕಿಲ್ಲ. ಅದು ನಿಮ್ಮ ಅಜ್ಜಿಯೇ ಅಲ್ಲ ಕಣ್ರೀ ಅಂತ ಹೇಳಲು ನನಗೆ ಬಾಯಿ ತುರಿಸುತ್ತದೆ, ಹೇಳಿ ಏನು ಪ್ರಯೋಜನ?

ನನ್ನ ಅಂಗಡಿ ದಾವಣಗೆರೆಯ ಮಂಡಿಪೇಟೆಯ ಹಿಂದಿನ ಒಂದು ಸಂದಿಯಲ್ಲಿದೆ. ಕೆಳಗೆ ಬೆಲ್ಲದ ಸಗಟು ವ್ಯಾಪಾರ, ಮೇಲೆ ನಾನು ಮತ್ತು ನನ್ನ ಮೂರು ಹಳೆಯ ವಿಸಿಆರ್‌ಗಳು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿನಲ್ಲಿ, ಟಿವಿಯಲ್ಲಿ ನೋಡುವ ಫೈಲ್ ಮಾಡಿ ಕೊಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಹದಿನೆಂಟು ವರ್ಷ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದೆ. ಮದುಮಗಳ ಮುಖವನ್ನು ಗುಲಾಬಿ ಹೂವಿನೊಳಗೆ ಗರಗರ ತಿರುಗಿಸಿದವಳು ನಾನೇ. ಧಾರೆ ಎರೆಯುವಾಗ ಪುರೋಹಿತರ ಮಂತ್ರ ತೆಗೆದು ಸಿನಿಮಾ ಹಾಡು ತುಂಬಿದವಳೂ ನಾನೇ. ಈಗ ಅದೇ ಮನೆಯವರು ಬಂದು, ನಮ್ಮಪ್ಪ ಏನೋ ಮಾತಾಡುತ್ತಿದ್ದರಲ್ಲ, ಅದು ಕೇಳುವ ಹಾಗೆ ಮಾಡಿ ಅನ್ನುತ್ತಾರೆ. ಅವತ್ತು ಹಾಡು ಹಾಕಿ, ಡಬಲ್ ಹಾಡು ಹಾಕಿ ಅಂತ ಪೀಡಿಸಿದವರು ಇವರೇ. ಆ ಮಾತು ಹೋಯಿತು, ಮತ್ತೆ ಬರುವುದಿಲ್ಲ.

ಒಬ್ಬರು ನಿವೃತ್ತ ಅಧಿಕಾರಿಗಳ ಕತೆ ಹೇಳಲೇಬೇಕು. ಮಗಳ ಮೊದಲ ಹುಟ್ಟುಹಬ್ಬದ ಫೈಲನ್ನು ನಾನು ನಾಲ್ಕು ದಿನ ಕೂತು ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದೆ. ವಾರದ ನಂತರ ಬಂದು, ನಿಮ್ಮದು ಮಬ್ಬು ಅಂತ ಜಗಳ ತೆಗೆದರು. ನೋಡಿದರೆ, ಮಹಾಶಯರು ಟಿವಿಯಲ್ಲಿ ಅದನ್ನು ಓಡಿಸಿ, ಎದುರಿಗೆ ಕೂತು ಮೊಬೈಲಿನಲ್ಲಿ ಶೂಟ್ ಮಾಡಿ, ಅದನ್ನು ಮಗಳಿಗೆ ಕಳಿಸಿ, ಮಗಳು ಅಳಿಯನಿಗೆ ಕಳಿಸಿ, ಅಳಿಯ ಇವರಿಗೇ ವಾಪಸ್ ಕಳಿಸಿದ್ದಾನೆ. ಮಗುವಿನ ಮುಖ ಕಲಸಿದ ಮುದ್ದೆ. ಮೇಲೆ ಸೀಲಿಂಗ್ ಫ್ಯಾನಿನ ನೆರಳು ಬೇರೆ ತಿರುಗುತ್ತಿದೆ. ಇಂಥವರು ನಲವತ್ತು ವರ್ಷ ಕಚೇರಿ ನಡೆಸಿದರು ಅಂದರೆ ನಂಬಬೇಕು.

ಹರಿಹರದ ಪೈಲ್ವಾನರು ಬಂದದ್ದು ಹೋದ ಬೇಸಿಗೆಯಲ್ಲಿ. ಅರವತ್ತು ದಾಟಿದ ಮನುಷ್ಯ. ಮೆಟ್ಟಿಲು ಹತ್ತುವಾಗಲೇ ಯಾರೋ ಭಾರದ ಆಳು ಅಂತ ಗೊತ್ತಾಯಿತು. ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಮುದುಡಿಹೋಗಿದ್ದವು, ಬಿಳೀ ಅಂಗಿ ಮಾತ್ರ ಗರಿಗರಿ. ಹರಿಹರದಲ್ಲಿ ಅವರದೊಂದು ಗರಡಿ ಮನೆ ಇದೆ, ಶಿಷ್ಯರಿದ್ದಾರೆ. ಕುರ್ಚಿ ಸಾಲದೆಂದು ಬೆಂಚಿನ ಮೇಲೆ ಕೂತು ನನ್ನನ್ನು ‘ತಂಗೀ’ ಅಂದರು. ಜೇಬಿನಿಂದ ಮೊಬೈಲ್ ತೆಗೆದು ಒಂದು ತುಣುಕು ತೋರಿಸಿದರು. ಅದೂ ಅದೇ ಜಾತಿ, ಟಿವಿ ಮುಂದೆ ಮೊಬೈಲ್ ಹಿಡಿದು ತೆಗೆದದ್ದು, ನೂರು ಕೈ ದಾಟಿ ಬಂದದ್ದು. ಕೆಂಪು ಮಣ್ಣು, ಅದರ ಮೇಲೆ ಎರಡು ಕಂದು ಮುದ್ದೆಗಳು ಒಂದನ್ನೊಂದು ಹಿಸುಕುತ್ತಿವೆ. ಕೆಳಗಿನ ಮುದ್ದೆ ತಾನು ಅಂದರು.

ಮೂವತ್ತೆರಡು ವರ್ಷದ ಹಿಂದೆ ದಾವಣಗೆರೆಯ ಬಯಲಿನಲ್ಲಿ ನಡೆದ ಕುಸ್ತಿಯಂತೆ. ಎದುರಾಳಿ ಆನೆಕೊಂಡದವನು. ತೀರ್ಪು ಕೊಡುವ ಪಂಚ ಬಾತಿ ಊರಿನವನು, ಬೇರೆ ಯಾರೂ ಅಲ್ಲ, ಇವರ ಹೆಂಡತಿಯ ಸ್ವಂತ ಅಣ್ಣ. ಇಪ್ಪತ್ತು ನಿಮಿಷ ಹಿಡಿದಾಡಿ, ಕೊನೆಗೆ ಇವರು ಕೆಳಗೆ ಬಿದ್ದಾಗ ಆ ಭಾವ ಬಗ್ಗಿ ನೋಡಿ, ಕೈ ಎತ್ತಿ, ಚಿತ್ ಅಂದುಬಿಟ್ಟ. ಮಣ್ಣಿನ ಕುಸ್ತಿಯಲ್ಲಿ ಎರಡೂ ಭುಜ ಒಟ್ಟಿಗೆ ಮಣ್ಣಿಗೆ ತಾಗಿದರೆ ಚಿತ್, ಸೋತ ಹಾಗೆ. ಎಷ್ಟು ಹೊತ್ತು ತಾಗಿತು ಅನ್ನುವ ಎಣಿಕೆ ಅಲ್ಲಿಲ್ಲ, ತಾಗಿದರೆ ಮುಗಿಯಿತು. ತನ್ನ ಎಡ ಭುಜ ನಾಲ್ಕು ಬೆರಳು ಮೇಲಿತ್ತು, ಒಂದು ಸಲವೂ ತಾಗಿಲ್ಲ, ಸ್ವಂತ ತಂಗಿಯ ಗಂಡನನ್ನು ಸೋಲಿಸಿ ನ್ಯಾಯವಂತ ಅನ್ನಿಸಿಕೊಳ್ಳಬೇಕಿತ್ತು ಆ ಕಳ್ಳನಿಗೆ, ಅಂತ ಪೈಲ್ವಾನರು ಹೇಳುವಾಗ ಅವರ ಕುತ್ತಿಗೆಯ ನರ ಈಗಲೂ ಉಬ್ಬಿತು.

‘ಅವತ್ತೇ ಹೇಳ್ದೆ ತಂಗೀ. ಆ ಮನಿ ಹೊಸ್ತಿಲು ನಾನೂ ತುಳಿಯಲ್ಲ, ನಮ್ಮ ಮನ್ಯಾಕೀನೂ ತುಳಿಯಲ್ಲ. ಇವತ್ತಿನವರೆಗೂ ತುಳಿದಿಲ್ಲ’ ಅಂದರು. ಹೇಳಿದ್ದು ಎಷ್ಟು ಹೆಮ್ಮೆಯಿಂದ ಅಂತೀರಿ! ಅದಕ್ಕೆ ಅವರು ಒಪ್ಪಿದರೇನು ಅಂತ ನಾನು ಕೇಳಿದೆ. ಯಾರು ಅಂತ ನನ್ನನ್ನೇ ತಿರುಗಿ ಕೇಳಿದರು. ನಿಮ್ಮ ಮನೆಯವರು ಅಂದೆ. ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನ ಮುಖ ನೋಡಿ, ಕ್ಯಾಸೆಟ್ಟಿನ ಮಾತಿಗೆ ಬಂದರು.

ಇಡೀ ಪ್ರಪಂಚದಲ್ಲಿ ಆ ಕುಸ್ತಿ ನೆನಪಿದ್ದದ್ದು ಇವರೊಬ್ಬರಿಗೇ ಇರಬೇಕು. ಗೆದ್ದ ಆನೆಕೊಂಡದವನು ಎಂದೋ ಲಂಗೋಟಿ ಬಿಚ್ಚಿಟ್ಟು ಟೈರ್ ಅಂಗಡಿ ಹಾಕಿದನಂತೆ. ಆದರೆ ಈ ಹಾಳು ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಶಿಷ್ಯರ ಕೈಗೆ ಬಂದಿತ್ತು. ಕೆಲವರಿಗೆ ಭುಜ ತಾಗಿದ ಹಾಗೆ ಕಾಣುತ್ತದೆ, ಕೆಲವರಿಗೆ ಇಲ್ಲ. ಗುರುಗಳ ಮುಂದೆ ತಲೆ ಆಡಿಸಿ ಹಿಂದೆ ನಗುತ್ತಾರೆ ಅನ್ನುವುದು ಇವರ ಕಿವಿಗೆ ಬಿದ್ದಿದೆ. ಹಾಗಾಗಿ ಅವತ್ತು ಶೂಟ್ ಮಾಡಿದ ಸ್ಟುಡಿಯೋದವನ ಮನೆ ಹುಡುಕಿ, ಅಟ್ಟ ಹತ್ತಿ, ಮೂಲ ಕ್ಯಾಸೆಟ್ಟನ್ನೇ ತಂದಿದ್ದರು. ಅದನ್ನು ಚೊಕ್ಕಟವಾಗಿ ಇಳಿಸಿ ಕೊಟ್ಟರೆ ಗರಡಿಯಲ್ಲಿ ಪರದೆ ಕಟ್ಟಿ ಎಲ್ಲರಿಗೂ ತೋರಿಸುವುದು, ಬಾತಿಯವನ ಕಳ್ಳ ತೀರ್ಪನ್ನು ಬಯಲಿಗೆಳೆಯುವುದು. ತನ್ನದು ಸುಳ್ಳಲ್ಲ ಅಂತ ಕಾಣಬೇಕು, ಅಷ್ಟೇ ಬೇಕಾದ್ದು ಅಂದರು.

ಇಂಥ ಗಿರಾಕಿ ನನಗೆ ಸಿಕ್ಕಿದ್ದೇ ಹೆಚ್ಚು. ಎಚ್‌ಡಿ ಅನ್ನಲಿಲ್ಲ, ಬಣ್ಣ ಹಾಕಿ ಅನ್ನಲಿಲ್ಲ, ಇದ್ದದ್ದು ಇದ್ದ ಹಾಗೆ ಬೇಕು ಅಂದ ಮೊದಲ ಮನುಷ್ಯ. ನನ್ನ ಜಂಬ ಬಾಯಿಗೆ ಬಂತು. ಕೂರಿಸಿಕೊಂಡು ಪಾಠ ಮಾಡಿದೆ. ಆ ಕಾಲದ ಕ್ಯಾಮೆರಾ ಒಂದು ಸೆಕೆಂಡಿಗೆ ಐವತ್ತು ಸಲ ನೋಡುತ್ತಿತ್ತು. ಆದರೆ ಪ್ರತಿ ಸಲವೂ ಚಿತ್ರದ ಅಡ್ಡ ಗೆರೆಗಳಲ್ಲಿ ಅರ್ಧವನ್ನು ಮಾತ್ರ ಬರೆದುಕೊಳ್ಳುತ್ತಿತ್ತು. ಒಂದು ಸಲ ಒಂದನೇ, ಮೂರನೇ, ಐದನೇ ಗೆರೆ. ಮುಂದಿನ ಸಲ ಎರಡನೇ, ನಾಲ್ಕನೇ, ಆರನೇ ಗೆರೆ. ಎರಡು ಬಾಚಣಿಗೆಗಳನ್ನು ಹಲ್ಲಿಗೆ ಹಲ್ಲು ಕೂರಿಸಿದರೆ ಹೇಗೋ ಹಾಗೆ ಟಿವಿ ಅವನ್ನು ಜೋಡಿಸಿ ತೋರಿಸುತ್ತಿತ್ತು. ಈಗ ಕಂಪ್ಯೂಟರಿಗೆ ಇಳಿಸುವಾಗ ಚಲಿಸುವ ಕೈಕಾಲಿನ ಅಂಚಿನಲ್ಲಿ ಆ ಹಲ್ಲುಗಳು ಎದ್ದು ಕಾಣುತ್ತವೆ. ನಮ್ಮ ಸೋಂಬೇರಿಗಳು ಏನು ಮಾಡುತ್ತಾರೆ? ಒಂದು ಬಾಚಣಿಗೆಯನ್ನು ಎಸೆದುಬಿಡುತ್ತಾರೆ. ಐವತ್ತಿದ್ದದ್ದು ಇಪ್ಪತ್ತೈದಾಯಿತು, ಚಿತ್ರ ನುಣ್ಣಗಾಯಿತು, ಗಿರಾಕಿಗೆ ಗೊತ್ತಾಗುವುದಿಲ್ಲ. ಅರ್ಧ ಕಾಲವನ್ನೇ ಕಸಕ್ಕೆ ಹಾಕಿ ಕ್ವಾಲಿಟಿ ಅಂತ ಕೊಡುತ್ತಾರೆ, ಮಾನಗೆಟ್ಟವರು. ನಾನು ಮಾತ್ರ ಐವತ್ತನ್ನೂ ಉಳಿಸುತ್ತೇನೆ, ಒಂದನ್ನೂ ಬಿಡುವುದಿಲ್ಲ ಅಂದೆ. ಪೈಲ್ವಾನರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. ಒಂದಕ್ಷರ ಮರೆಯುವ ಮನುಷ್ಯ ಅಲ್ಲ ಅದು ಅಂತ ನನಗೆ ಆಗ ಹೊಳೆಯಲಿಲ್ಲ.

ಕ್ಯಾಸೆಟ್ಟಿನ ಬೂಷ್ಟು ತೆಗೆಯಲು ಮೂರು ದಿನ ಹಿಡಿಯಿತು. ಅವಸರ ಮಾಡಿ ವಿಸಿಆರ್‌ಗೆ ತುರುಕಿದರೆ ಟೇಪೂ ಹೋಗುತ್ತದೆ, ಯಂತ್ರವೂ ಹೋಗುತ್ತದೆ. ಬಿಚ್ಚಿ, ಹತ್ತಿಬಟ್ಟೆಯಿಂದ ಒರೆಸಿ, ಬೇರೆ ಡಬ್ಬಿಗೆ ಸುತ್ತಿ, ನಾಲ್ಕನೇ ದಿನ ಓಡಿಸಿದೆ. ಕಂಪ್ಯೂಟರಿಗೆ ಒಂದು ಚುಕ್ಕೆಯೂ ಕುಗ್ಗದ ಹಾಗೆ ಇಳಿಸಿದೆ. ಫೈಲು ಆನೆ ಗಾತ್ರದ್ದಾಯಿತು, ಆಗಲಿ. ಆಮೇಲೆ ಬಾಚಣಿಗೆಗಳನ್ನು ಬೇರೆ ಮಾಡಿ, ಪ್ರತಿಯೊಂದನ್ನೂ ಒಂದು ಪೂರ್ತಿ ಚಿತ್ರ ಮಾಡಿ, ಸೆಕೆಂಡಿಗೆ ಐವತ್ತರಂತೆ ಜೋಡಿಸಿದೆ. ಏನು ಹೇಳಲಿ, ಮೊಬೈಲಿನಲ್ಲಿದ್ದ ಆ ಎರಡು ಮುದ್ದೆಗಳು ಮನುಷ್ಯರಾದವು. ಬೆವರಿಗೆ ಅಂಟಿದ ಮಣ್ಣು, ಸುತ್ತ ಕುಕ್ಕರಗಾಲಲ್ಲಿ ಕೂತವರ ರುಮಾಲು, ನೆಲಕ್ಕೆ ಕೆನ್ನೆ ತಾಗಿಸುವಷ್ಟು ಬಗ್ಗಿದ ಪಂಚ. ಆ ಸ್ಟುಡಿಯೋದವನಿಗೆ ಬುದ್ಧಿ ಇತ್ತು. ಬಿದ್ದವರ ತಲೆಯ ಕಡೆಗೆ ಹೋಗಿ ಕೂತು ಹಿಡಿದಿದ್ದ. ಆಚೆಯಿಂದ ಸಂಜೆ ಬಿಸಿಲು ಬರುತ್ತಿತ್ತು. ಎರಡೂ ಭುಜ ಕಾಣುತ್ತಿದ್ದವು. ಎಡ ಭುಜದ ಕೆಳಗೆ ಬಿಸಿಲಿನ ಒಂದು ಗೆರೆ ಕಾಣುತ್ತಿತ್ತು. ಮನುಷ್ಯ ಸುಳ್ಳು ಹೇಳಿಲ್ಲ, ಭುಜ ಮೇಲೆಯೇ ಇದೆ ಅಂದುಕೊಂಡೆ.

ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ಬಿಸಿಲಿನ ಗೆರೆ ಇದೆ, ಇದೆ, ತೆಳ್ಳಗಾಯಿತು, ಇಲ್ಲ. ಮತ್ತೆ ಇದೆ. ಹಿಂದೆ ಬಂದೆ. ಇದೆ, ಇಲ್ಲ, ಇದೆ. ಒಂದೇ ಒಂದು ಚಿತ್ರದಲ್ಲಿ, ಸೆಕೆಂಡಿನ ಐವತ್ತನೇ ಪಾಲಿನಷ್ಟು ಹೊತ್ತು, ಎರಡೂ ಭುಜ ಮಣ್ಣಿಗೆ ಒತ್ತಿ ಕೂತಿದ್ದವು. ಅದಾದ ಮೇಲೆ ಪಂಚನ ಕೈ ಮೇಲೇಳಲು ಶುರುವಾಗುತ್ತದೆ. ನನ್ನ ಕಣ್ಣೇ ತಪ್ಪಿರಬೇಕು ಅಂತ ಕ್ಯಾಸೆಟ್ಟನ್ನು ಇನ್ನೊಮ್ಮೆ ಓಡಿಸಿ ಇನ್ನೊಮ್ಮೆ ಇಳಿಸಿದೆ. ಅದೇ.

ಈಗ ನನ್ನ ಯೋಗ್ಯತೆ ಹೇಳುತ್ತೇನೆ, ಕೇಳಿ. ಆ ಚಿತ್ರ ಎರಡನೇ ಬಾಚಣಿಗೆಯದು. ಎಲ್ಲ ಅಂಗಡಿಯವರೂ ಕಣ್ಣು ಮುಚ್ಚಿ ಎಸೆಯುವುದು ಅದನ್ನೇ. ಎಸೆದರೆ ಭುಜ ಮೇಲೇ ಇರುತ್ತದೆ, ಆರಂಭದಿಂದ ಕೊನೆಯವರೆಗೂ. ಊರಿಗೆಲ್ಲ ಬೈಯುವ ನಾನು ಏನು ಮಾಡಿದೆ? ಎರಡನೇ ಫೈಲ್ ಒಂದು ಮಾಡಿದೆ. ಇಪ್ಪತ್ತೈದರದ್ದು, ನುಣ್ಣನೆಯದ್ದು. ಸುಮ್ಮನೆ ಇರಲಿ ಅಂತ ನನಗೆ ನಾನೇ ಹೇಳಿಕೊಂಡೆ. ಸುಮ್ಮನೆ ಯಾರಾದರೂ ಫೈಲ್ ಮಾಡುತ್ತಾರೆಯೇ?

ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿ ಹರಿಹರಕ್ಕೆ ಹೋದೆ. ವಿಸಿಆರ್‌ಗೆ ಬೆಲ್ಟ್ ಹುಡುಕುವುದೂ ಇತ್ತು, ಅಲ್ಲೊಬ್ಬ ಹಳೆಯ ಮೆಕ್ಯಾನಿಕ್ ಇದ್ದಾನೆ. ಪೈಲ್ವಾನರ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಅವರು ಗರಡಿಗೆ ಹೋಗಿದ್ದರು, ಹೆಂಡತಿ ಒಬ್ಬರೇ ಇದ್ದರು. ಗಂಡನ ಅರ್ಧದಷ್ಟೂ ಇಲ್ಲದ ಸಣ್ಣ ಜೀವ. ಕೂಡ್ರಿ ಅಂದು ನೀರು ಕೊಟ್ಟರು, ಮಂಡಕ್ಕಿ ಒಗ್ಗರಣೆ ಹಾಕಿ ತಂದಿಟ್ಟರು. ಎದುರಿಗೆ ಕೂತು ಬಹಳ ಹೊತ್ತು ಸೆರಗಿನ ಅಂಚು ಮಡಚಿ ಬಿಚ್ಚಿ ಮಾಡಿದರು. ಆಮೇಲೆ ಕೇಳಿದರು:

‘ಅದ್ರಾಗೆ ನಮ್ಮಣ್ಣ ಕಾಣ್ತಾನೇನವ್ವಾ?’

ಚೆನ್ನಾಗಿ ಕಾಣುತ್ತಾರೆ ಅಂದೆ. ಯಾವ್ಯಾವುದೋ ಮದುವೆಯಲ್ಲಿ ಎರಡು ಸಲ ದೂರದಿಂದ ಕಂಡಿದ್ದರಂತೆ, ಕಂಬದ ಆಚೆ ಅವರು, ಈಚೆ ಇವರು, ಮಾತಾಡಿಸುವ ಹಾಗಿಲ್ಲ. ಈಗ ಎಂಬತ್ತರ ಹತ್ತಿರ ಇರಬೇಕು ಅಂತ ಬೆರಳು ಮಡಚಿದರು. ಹರಿಹರಕ್ಕೂ ಬಾತಿಗೂ ಎಷ್ಟು ದೂರ ಮಹಾ? ಬಸ್ ಟಿಕೆಟ್ ಕೊಟ್ಟು ಚಿಲ್ಲರೆ ಎಣಿಸುವುದರೊಳಗೆ ಬಂದಿರುತ್ತದೆ. ಆ ಕ್ಷಣದಲ್ಲಿ ಗಂಡಸರ ಈ ಭುಜ, ಈ ತೊಡೆ, ಈ ಮೀಸೆ ಎಲ್ಲದರ ಮೇಲೂ ನನಗೆ ಹೇಸಿಗೆ ಬಂತು. ಇವರ ಮುಂದಾದರೂ ಇದ್ದದ್ದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬಾಯಲ್ಲಿ ಮಂಡಕ್ಕಿ ಇತ್ತು, ಅಗಿಯುತ್ತಾ ಕೂತೆ. ಫೈಲು ರೆಡಿ ಇದೆ, ನೀವೂ ಬನ್ನಿ, ನಿಮ್ಮ ಅಣ್ಣನನ್ನು ನೋಡಬಹುದು ಅಂತ ಮಾತ್ರ ಹೇಳಿ ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಆಕೆ ಹಬ್ಬಕ್ಕೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದಿದ್ದರು. ಪೈಲ್ವಾನರು ಬೆಂಚಿನ ಮೇಲೆ ಕೂತರು, ಆಕೆ ಗೋಡೆಗೆ ಒರಗಿ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ಕಳ್ಳಿ, ಇಪ್ಪತ್ತೈದರ ಫೈಲನ್ನೇ ಹಾಕಿದೆ. ಆ ಕಡೆಯ ಬಿಸಿಲು, ಭುಜದ ಕೆಳಗಿನ ಗೆರೆ, ಪಂಚನ ಕೈ. ಪೈಲ್ವಾನರು ತೊಡೆ ತಟ್ಟಿದರು. ಅಂಗಡಿಯಲ್ಲಿ ಪಟಾಕಿ ಹೊಡೆದ ಹಾಗೆ ಕೇಳಿಸಿತು. ಮತ್ತೊಮ್ಮೆ ಹಾಕಿಸಿದರು, ಮತ್ತೊಮ್ಮೆ ತಟ್ಟಿದರು. ಹೆಂಡತಿಯ ಕಡೆ ತಿರುಗಿ, ಕಂಡ್ಯಾ ನಿಮ್ಮಣ್ಣನ ನ್ಯಾಯಾನ ಅಂದರು. ಆಕೆ ನೋಡುತ್ತಿದ್ದದ್ದು ಭುಜವನ್ನಲ್ಲ. ಬಗ್ಗಿದ್ದ ಅಣ್ಣನ ಮುಖವನ್ನು. ನನಗೆ ಅದು ಗೊತ್ತಾಯಿತು, ಆತನಿಗೆ ಎಲ್ಲಿ ಗೊತ್ತಾಗಬೇಕು?

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಪೈಲ್ವಾನರು ಮೂರನೇ ಸಲ ನೋಡಿದವರು ತೊಡೆ ತಟ್ಟಲಿಲ್ಲ. ಪರದೆಯ ಹತ್ತಿರ ಮುಖ ತಂದರು. ಮಣ್ಣಿನಲ್ಲಿ ಎದುರಾಳಿಯ ಉಸಿರು ನೋಡಿ ಪಟ್ಟು ತಿಳಿಯುವ ಜನ, ನನ್ನ ಉಸಿರು ಅವರಿಗೆ ಎಷ್ಟರದ್ದು?

‘ಅವತ್ತು ಹೇಳಿದ್ರಲ್ಲ ತಂಗೀ, ಎಲ್ರೂ ಅರ್ಧ ಎಸೀತಾರೆ ಅಂತ. ಆ ಅರ್ಧ ಇದ್ರಾಗೆ ಐತಾ?’

ಇದು ಮೊಬೈಲಿಗೆ ಸಣ್ಣದಾಗಲಿ ಅಂತ ಮಾಡಿದ್ದು, ಗರಡಿಗೆ ಇದೇ ಸಾಕು, ಅದು ಸುಮ್ಮನೆ ದೊಡ್ಡದು, ಪೆನ್‌ಡ್ರೈವಿನಲ್ಲಿ ಹಿಡಿಯುವುದಿಲ್ಲ ಅಂತ ಏನೇನೋ ಒದರಿದೆ. ನನ್ನ ಗಿರಾಕಿಗಳು ಒದರುವ ಹಾಗೆಯೇ. ಪೈಲ್ವಾನರು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಇಷ್ಟು ವರ್ಷ ಈ ಕೌಂಟರಿನ ಹಿಂದೆ ಕೂತು ಊರವರ ಮೇಲೆಲ್ಲ ಬೀರಿದ್ದೆ. ನನ್ನ ಮೇಲೆ ಬಿದ್ದದ್ದು ಅದೇ ಮೊದಲು. ಪೂರ್ತಿಯದನ್ನು ಹಾಕ್ರಿ ಅಂದರು.

ಹಾಕಿದೆ. ಒಂದೊಂದಾಗಿ ಸರಿಸಿ ಅಂದರು, ಸರಿಸಿದೆ. ಆ ಚಿತ್ರ ಬಂತು. ಅವರೇ ನನ್ನ ಕೈ ಮೇಲೆ ಕೈ ಇಟ್ಟು ನಿಲ್ಲಿಸಿದರು. ಆ ಕೈ ಬಿಸಿಯಾಗಿತ್ತು. ತಮ್ಮ ಇಪ್ಪತ್ತೊಂಬತ್ತನೇ ವಯಸ್ಸಿನ ಬೆನ್ನು ಮಣ್ಣಿನ ಮೇಲೆ ಮಲಗಿದ್ದನ್ನು ಅವರು ನೋಡುತ್ತಾ ಕೂತರು. ಕೆಳಗೆ ಬೆಲ್ಲದ ಅಂಗಡಿಯವನು ಯಾರನ್ನೋ ಬೈಯುತ್ತಿದ್ದದ್ದು ಕೇಳಿಸುತ್ತಿತ್ತು. ಎಷ್ಟು ಹೊತ್ತು ತಾಗಿದೆ ಅಂತ ಕೇಳಿದರು. ಒಂದು ಸೆಕೆಂಡನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಅಂದೆ. ಹೊತ್ತಿನ ಲೆಕ್ಕ ಇಲ್ಲ ಅನ್ನುವ ನಿಯಮ ನನಗೆ ಹೇಳಿಕೊಟ್ಟವರು ಅವರೇ. ತಲೆ ಆಡಿಸಿದರು.

‘ಹಂಗಾದ್ರೆ ಪಂಚನ ಕಣ್ಣು ಭೇಷ್ ಇತ್ತು’ ಅಂದರು.

ಮೂವತ್ತೆರಡು ವರ್ಷ ಕಳ್ಳ ಅನ್ನಿಸಿಕೊಂಡ ಮನುಷ್ಯನಿಗೆ ಇಷ್ಟೇ. ಆ ಕ್ಷಣಕ್ಕೆ ನನಗೆ ಅವರ ಮೇಲೆ ಗೌರವವೇ ಬಂದಿತ್ತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷದ ಹಟವನ್ನು ಒಂದು ಮಾತಿನಲ್ಲಿ ಕೆಳಗಿಳಿಸುವುದು ಸಣ್ಣ ಕೆಲಸವಲ್ಲ. ಗೋಡೆಗೆ ಒರಗಿದ್ದ ಆಕೆ ಆಗ ಮುಂದೆ ಬಂದರು. ನನಗೂ ಒಂದು ಸಲ ತೋರ್ಸವ್ವಾ ಅಂದರು. ಒಂದು ಚಿತ್ರ ಹಿಂದೆ ಹೋದೆ, ಬಿಸಿಲಿನ ಗೆರೆ ಇತ್ತು. ಒಂದು ಮುಂದೆ, ಇಲ್ಲ. ಇನ್ನೊಂದು ಮುಂದೆ, ಮತ್ತೆ ಬಂತು. ಮಾಮೂಲಿ ವೇಗದಲ್ಲಿ ಓಡಿಸವ್ವಾ ಅಂದರು. ಓಡಿಸಿದೆ. ಅದು ಬಂದದ್ದೂ ಹೋದದ್ದೂ ನನಗೇ ಕಾಣಲಿಲ್ಲ. ಎಲ್ಲಿ ಅಂದರು. ಹೋಯಿತು ಅಂದೆ. ಮತ್ತೆ ಓಡಿಸಿದೆ. ಎಲ್ಲಿ ಅಂದರು.

ಆಮೇಲೆ ಪರದೆ ಬಿಟ್ಟು ಗಂಡನ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ಸಂತೆಯಲ್ಲಿ ಕೊಳೆತ ತರಕಾರಿ ಎತ್ತಿ ನೋಡಿ ಅಲ್ಲೇ ಇಡುತ್ತಾರಲ್ಲ, ಹಾಗೆ ನೋಡಿದರು.

‘ನಿಮ್ಮ ಭುಜಕ್ಕೆ ಇಷ್ಟು ಮಣ್ಣು ತಾಗಿದ್ದಕ್ಕೆ ನಮ್ಮವ್ವನ ಮಣ್ಣಿಗೆ ಹೋಗಾಕೆ ಬಿಡಲಿಲ್ಲ ನೀವು. ಇಷ್ಟಕ್ಕಾ?’

ಆಕೆಯ ತಾಯಿ ತೀರಿಕೊಂಡಾಗ ಬಾತಿಯಿಂದ ಹೇಳಿ ಕಳಿಸಿದ್ದರಂತೆ, ಹೆಣ ಎತ್ತದೆ ಸಂಜೆಯವರೆಗೆ ಕಾದಿದ್ದರಂತೆ, ಪೈಲ್ವಾನರು ಬಾಗಿಲಿಗೆ ಅಡ್ಡ ಮಂಚ ಹಾಕಿಕೊಂಡು ಮಲಗಿದ್ದರಂತೆ. ಇದನ್ನು ಆಕೆ ಹೇಳಿದ್ದು ನನಗೆ, ಗಂಡನಿಗಲ್ಲ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. ಹೇಳಿ ಮೆಟ್ಟಿಲಿಳಿದು ಹೋದರು. ಕೆಳಗೆ ಆಟೋ ನಿಲ್ಲಿಸಿದ್ದೂ, ಬಾತಿಗೆ ನಡಿಯಪ್ಪ ಅಂದದ್ದೂ ನಮ್ಮಿಬ್ಬರಿಗೂ ಕೇಳಿಸಿತು.

ಆಟೋದ ಸದ್ದು ಸಂದಿ ದಾಟುವವರೆಗೆ ಆತ ಬೆಂಚು ಬಿಟ್ಟು ಏಳಲಿಲ್ಲ. ಅಷ್ಟು ದೊಡ್ಡ ಮೈ ಬೆಂಚಿನ ಮೇಲೆ ಎಲ್ಲಿಡಬೇಕೋ ತಿಳಿಯದ ಹಾಗೆ ಇತ್ತು. ನನಗೆ ಮರುಕ ಬರಲಿಲ್ಲ. ಬರಲಿ ಅಂತ ಕಾದೆ, ಬರಲಿಲ್ಲ. ಕೊನೆಗೆ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಪೆನ್‌ಡ್ರೈವ್ ತೆಗೆದು ಕೌಂಟರ್ ಮೇಲಿಟ್ಟರು. ನುಣ್ಣನೆಯದನ್ನು ಅಳಿಸಿಬಿಡ್ರಿ, ಯಾರ ಕೈಗೂ ಸಿಗಬಾರದು ಅಂದರು. ಅವರ ಎದುರಿಗೇ ಅಳಿಸಿದೆ.

‘ಪೂರ್ತಿದ್ದು ಇದಕ್ಕೆ ಹಾಕ್ರಿ ತಂಗೀ’ ಅಂದರು. ‘ಅಷ್ಟು ವರ್ಷ ಆದ್ಮೇಲೆ ಆ ಮನಿಗೆ ಬರಿಗೈಲಿ ಹೆಂಗೆ ಹೋಗ್ಲಿ?’